ಎದುರಿನ ಮನೆ ಖಾಲಿಯಿದ್ದ ಮೂರು ತಿಂಗಳು

ಸೌದಿಯ ಥುಕ್ಬಾದ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಾವಿರುವುದು ಎರಡನೇ ಮಹಡಿಯಲ್ಲಿ. ನೆಲಮಹಡಿಯಲ್ಲಿ ಪಾಕಿಸ್ತಾನಿ ಗಂಡನ ಜೊತೆ ಒಬ್ಬ ಇಂಗ್ಲಿಷ್ ಹೆಂಗಸು, ನಾಲ್ಕನೆಯದರಲ್ಲಿ ಸುಡಾನಿನ ಒಂದು ಕುಟುಂಬ. ಇಂಗ್ಲಿಷ್ ಹೆಂಗಸೂ ಆ ಮನೆಯ ಸೊಸೆಯೂ ಒಂದೇ ಖಾಸಗಿ ಶಾಲೆಯಲ್ಲಿ ಟೀಚರುಗಳು. ಓದಿನಲ್ಲಿ, ಅನುಭವದಲ್ಲಿ ಸುಡಾನಿನವಳೇ ಮುಂದೆ. ಸಂಬಳ ಮಾತ್ರ ಇಂಗ್ಲಿಷಿನವಳಿಗೆ ಹೆಚ್ಚು. ಅದು ಗೊತ್ತಾದ ವಾರವೇ ಇಂಗ್ಲಿಷಿನವಳು ಕಟ್ಟಡದ ಹೆಂಗಸರನ್ನೆಲ್ಲ ಶುಕ್ರವಾರ ಸಂಜೆ ಚಹಾಕ್ಕೆ ಕರೆದಳು.

"ನನ್ನ ಬಿಳಿ ಚರ್ಮಕ್ಕೆ ಸಿಕ್ಕಿದ್ದನ್ನು ಇಷ್ಟು ವರ್ಷ ನನ್ನ ಯೋಗ್ಯತೆ ಅಂದುಕೊಂಡಿದ್ದೆ," ಎಂದಳು. "ನೀವೆಲ್ಲ ಏನೇನು ಕಂಡಿದ್ದೀರಿ, ಹೇಳಿ."

ನನಗೆ ಹೇಳಲು ಬೇಕಾದಷ್ಟಿತ್ತು. ನನ್ನ ಗಂಡ ಕೆಲಸ ಕಲಿಸಿಕೊಟ್ಟ ಬಿಳಿಯ ಹುಡುಗನೇ ವರ್ಷ ಕಳೆಯುವುದರೊಳಗೆ ಅವರ ಮೇಲಧಿಕಾರಿಯಾದದ್ದನ್ನು ಹೇಳಿದೆ. ಊರಿನಲ್ಲಿ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು "ಹುಡುಗಿಗೆ ಬಣ್ಣ ಸ್ವಲ್ಪ ಕಮ್ಮಿ" ಎಂದು ಎದ್ದುಹೋದದ್ದನ್ನೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ನನಗೆ ಒಂಥರಾ ಹಗುರವಾಯಿತು.

ಆಮೇಲೆ ಸುಡಾನಿನವಳು ಮಾತಾಡಿದಳು. ಅವರು ಮೊದಲು ಕೇಳಿದ್ದು ಎರಡನೇ ಮಹಡಿಯ ಮನೆಯನ್ನಂತೆ. ಅತ್ತೆಗೆ ಮಂಡಿನೋವು, ಹೆಚ್ಚು ಮೆಟ್ಟಿಲು ಹತ್ತಲಾಗದು. ಕಟ್ಟಡ ನೋಡಿಕೊಳ್ಳುವ ಹಾರಿಸ್ ಮೊದಲ ದಿನ ಒಪ್ಪಿದ, ಮರುದಿನ ಮನೆ ಬೇರೆಯವರಿಗೆ ಹೋಯಿತು ಎಂದ. "ಆದರೆ ಆ ಮನೆ ಮೂರು ತಿಂಗಳು ಖಾಲಿಯೇ ಇತ್ತು," ಎಂದಳು. "ಯಾರೋ ಬೇಡ ಅಂದಿರಬೇಕು."

ಬೇಡ ಅಂದವಳು ನಾನು. ಅದು ನಮ್ಮ ಎದುರಿನ ಮನೆ. "ಕರಿಯರನ್ನು ಮಾತ್ರ ತರಬೇಡ, ನಮ್ಮ ಮನೆಯಲ್ಲಿ ಮಕ್ಕಳಿದ್ದಾರೆ," ಎಂದು ಹಾರಿಸನಿಗೆ ನಾನೇ ಹೇಳಿದ್ದೆ. ಈಗ ಗ್ಯಾಸ್ ಮೇಲೆ ಏನೋ ಇಟ್ಟಿದ್ದೇನೆ ಎಂದು ಸುಳ್ಳು ಹೇಳಿ ಎದ್ದುಬಂದೆ.

ಆ ವಾರ ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಮೆಟ್ಟಿಲಲ್ಲಿ ಆ ಅತ್ತೆಯ ಚಪ್ಪಲಿಯ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ನಮ್ಮ ಬಾಗಿಲ ಮುಂದೆ ಅವರು ಯಾವಾಗಲೂ ಒಂದು ಗಳಿಗೆ ನಿಲ್ಲುತ್ತಿದ್ದರು, ಉಸಿರು ತೆಗೆದುಕೊಳ್ಳಲು.

ಗಂಡನಿಗೆ ಹೇಳಿದೆ. "ಆದದ್ದು ಆಯ್ತಲ್ಲ ಮಾರಾಯ್ತಿ," ಎಂದರು. "ಈಗ ಹೇಳಿ ಎಂತ ಮಾಡ್ಲಿಕ್ಕುಂಟು? ಸುಮ್ಮನೆ ಅವರಿಗೂ ಬೇಜಾರು, ನಿನಗೂ ಬೇಜಾರು."

"ನನಗೆ ಈಗಲೇ ಬೇಜಾರಾಗ್ತಾ ಉಂಟಲ್ಲ," ಎಂದೆ.

ಮುಂದಿನ ಶುಕ್ರವಾರ ಎಲ್ಲರ ಎದುರಿಗೇ ಹೇಳಿಬಿಟ್ಟೆ. ಸುಡಾನಿನವಳು ನನ್ನನ್ನೇ ನೋಡುತ್ತ ಕೇಳಿದಳು: "ಯಾಕೆ?"

"ಹೆದರಿಕೆ," ಎಂದೆ.

"ಯಾವುದರ ಹೆದರಿಕೆ?"

ಅವಳು ಎದ್ದಳು. "ಮೆಟ್ಟಿಲು ಹತ್ತುತ್ತಿರುವುದು ನಾನಲ್ಲ, ನನ್ನ ಅತ್ತೆ. ಬನ್ನಿ, ಅವರಿಗೆ ಹೇಳಿ."

ಅವಳ ಹಿಂದೆ ನಾಲ್ಕನೇ ಮಹಡಿಗೆ ಹತ್ತಿದೆ. ಅತ್ತೆ ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸೊಸೆ ಒಂದೂ ಬಿಡದೆ ಅರಬ್ಬಿಗೆ ತಿರುಗಿಸಿದಳು. "ಕರಿಯರು" ಎಂಬ ಮಾತನ್ನೂ ಮೆತ್ತಗೆ ಮಾಡಲಿಲ್ಲ. ಅವರು ಪೂರ್ತಿ ಕೇಳಿದರು. ಮಂಡಿ ಒತ್ತಿಕೊಳ್ಳುತ್ತ ಏನೋ ಅಂದರು.

"ಇವತ್ತು ಕ್ಷಮಿಸಿದೆ ಅಂದರೆ ನೀನು ಕೆಳಗೆ ಹೋಗಿ ಆರಾಮವಾಗಿ ಇರುತ್ತೀ ಅಂತೆ," ಎಂದಳು ಸೊಸೆ. "ಇನ್ನೊಂದು ದಿನ ಬಾ ಅಂತಿದ್ದಾರೆ."

ಹೋದೆ. ಈಗಲೂ ಹೋಗುತ್ತೇನೆ. ಅವರು ಚಹಾ ಕೊಡುತ್ತಾರೆ, ಮಕ್ಕಳ ವಿಷಯ ಕೇಳುತ್ತಾರೆ, ನನ್ನ ಅರಬ್ಬಿ ತಿದ್ದುತ್ತಾರೆ. ಆ ಒಂದು ಮಾತನ್ನು ಮಾತ್ರ ಇದುವರೆಗೆ ಹೇಳಿಲ್ಲ. ಕೇಳುವ ಧೈರ್ಯ ನನಗೂ ಬಂದಿಲ್ಲ.