ಇಂಗ್ಲಿಷ್ ಪಾಠಕ್ಕೆ ಬಂದ ಕೂಸು

ಸರ್ವಮಂಗಳಮ್ಮ ಟೀಚರನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅವರ ಮೇಲಲ್ಲ, ನಮ್ಮ ಹೆಡ್‌ಮಾಸ್ತರ ಮೇಲೆ.

ಅರವತ್ತೆರಡನೇ ಇಸವಿ. ಟೀಚರು ದಿನಾ ಹರಿಹರದಿಂದ ರೈಲಿನಲ್ಲಿ ದಾವಣಗೆರೆಗೆ ಬಂದು ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಗಿರಣಿ ಕೆಲಸದವರ ಕೇರಿಯ ಹೆಣ್ಣುಮಕ್ಕಳ ಶಾಲೆ ನಮ್ಮದು. ಅವ್ವಂದಿರು ಪಾಳಿಗೆ ಹೋದರೆ ಕೂಸುಗಳು ನಮ್ಮ ಕಂಕುಳಿಗೆ. ಕೂಸನ್ನು ತರಬೇಡ ಎಂದರೆ ಶಾಲೆಗೇ ಬರಬೇಡ ಎಂದಂತೆ. ಟೀಚರು ಬೇಡವೆನ್ನಲಿಲ್ಲ, ಆ ಕೂಸುಗಳನ್ನೇ ಪಾಠಕ್ಕೆ ಹಚ್ಚಿದರು. ನಮ್ಮ ತರಗತಿಯ ಓಬಕ್ಕನ ಪುಟ್ಟ ತಮ್ಮ ಬೊಮ್ಮಣ್ಣ ಬೆಂಚಿನಡಿ ತೆವಳಿ ಮರೆಯಾದರೆ ಅವನನ್ನು ಹುಡುಕುವುದು ‘ಲುಕ್ ಫಾರ್’. ಸಿಕ್ಕ ಮೇಲೆ ಮೂಗು ಒರೆಸಿ ಮಡಿಲಲ್ಲಿಟ್ಟುಕೊಂಡು ಸಂಭಾಳಿಸುವುದು ‘ಲುಕ್ ಆಫ್ಟರ್’. ಸುಮ್ಮನೆ ನೋಡುತ್ತ ಕೂರುವುದು ‘ಲುಕ್ ಅಟ್’. ಅದಕ್ಕೆ ಮಾತ್ರ ನಮ್ಮ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಒಂದಕ್ಕೊಂದು ಬೆರೆಸಿ ತಪ್ಪು ಹೇಳುವವರು ನಮ್ಮ ತರಗತಿಯಲ್ಲಿ ಇರಲಿಲ್ಲ.

ಒಂದು ದಿನ ಹೆಡ್‌ಮಾಸ್ತರು ಒಳಗೆ ಬಂದು ಮುಖ ಸಿಂಡರಿಸಿದರು.

“ಇದೇನ್ ಸಾಲೀನೋ, ಕೂಸಾಡ್ಸೋ ಜಾಗನೋ? ನಾಳಿಂದ ಕೂಸು ತಂದೋರು ಒಳಗೆ ಬರಂಗಿಲ್ಲ. ಇಂಗ್ಲಿಷ್ ಬಾಯಿಪಾಠ ಮಾಡ್ಸ್ರಿ, ಸಾಕು!”

ಅವರ ಮಕ್ಕಳನ್ನು ಆಡಿಸಲು ಮನೆಯಲ್ಲಿ ಆಳಿದ್ದಳು. ನಮ್ಮ ಪಾಡು ಅವರಿಗೇನು ಗೊತ್ತು? ಈಗಲೂ ಹೊಟ್ಟೆ ಉರಿಯುತ್ತದೆ. ದಿನವಿಡೀ ಕೂಸು ಸಾಕುವ ಹುಡುಗಿಯರು ‘ಲುಕ್ ಆಫ್ಟರ್’ ಅಂದರೇನೆಂದು ಗಿಳಿಪಾಠ ಒಪ್ಪಿಸಬೇಕಂತೆ!

ನಾವೆಲ್ಲ ಕೂಸುಗಳನ್ನು ಅಜ್ಜಿಯ ಬಳಿಯೋ ನೆರೆಯವರ ಬಳಿಯೋ ಬಿಟ್ಟು ಹೇಗೋ ಹೊಂದಿಸಿಕೊಂಡೆವು. ಓಬಕ್ಕನಿಗೆ ಯಾರೂ ಇರಲಿಲ್ಲ. ನಮ್ಮೆಲ್ಲರಿಗಿಂತ ಚುರುಕಾದ ಹುಡುಗಿ ಮನೆಯಲ್ಲೇ ಉಳಿದಳು. “ಓದಿದ್ದು ಸಾಕು ಬಿಡು” ಎಂದುಬಿಟ್ಟಳು ಅವಳವ್ವ ನೀಲಕ್ಕ. ನಾವು ಹೋಗಿ ಹೇಳಿದಾಗ ಟೀಚರ ಮುಖ ಕೆಂಪಾಯಿತು.

ಮರುದಿನ ಅವರು ರೈಲಿಳಿದು ಶಾಲೆಗೆ ಬರದೆ ನೇರ ನೀಲಕ್ಕನ ಮನೆಗೆ ಹೋದರು. ಅವಳನ್ನು ಒಪ್ಪಿಸಿ ಶಾಲೆಗೆ ಬಂದಾಗ ಬೊಮ್ಮಣ್ಣ ಅವರ ಸೊಂಟದ ಮೇಲಿದ್ದ. ಹಿಂದೆ ಓಬಕ್ಕ. ಹೆಡ್‌ಮಾಸ್ತರು ಬಾಗಿಲಿಗೆ ಅಡ್ಡ ನಿಂತರು.

“ಏನ್ರೀ ಟೀಚರೇ, ನಿಮಗೂ ಬುದ್ಧಿ ಹೇಳ್ಬೇಕೇನ್ರೀ?”

“ಈ ಕೂಸು ಹೊರಗೆ ಅಂದ್ರೆ ನಾನೂ ಹೊರಗೇ ರೀ. ಇಂಗ್ಲಿಷ್ ನೀವೇ ಹೇಳ್ಕೊಡ್ರಿ.”

ಇಂಗ್ಲಿಷ್ ಕಲಿಸಲು ಶಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಡ್‌ಮಾಸ್ತರು ಗೊಣಗುತ್ತ ಪಕ್ಕಕ್ಕೆ ಸರಿದರು.

ಪಾಠ ಶುರುವಾಗುತ್ತಲೇ ಕೂಸು ರಚ್ಚೆ ಹಿಡಿಯಿತು. ಓಬಕ್ಕ ರೂಢಿಯಂತೆ ಪುಸ್ತಕ ಮುಚ್ಚಿಟ್ಟು, ಎದ್ದು ಕೈಚಾಚಿದಳು. ಟೀಚರು ಕೊಡಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ ಹೇಳಿದರು:

“ಕೂತ್ಕಳವ್ವ. ನೀ ಬರಿ. ಇವನ್ನ ನಾ ನೋಡ್ಕಂತೀನಿ.”