ಸ್ವಾಮಿಗಳ ಗೋಲಿ ಬಾಟಲಿಗಳು

ಭೂಕಂಪವಾದ ಮೇಲಿನ ನಾಲ್ಕನೆಯ ಬೇಸಿಗೆಯಲ್ಲಿ ದೊಡ್ಡದೊಂದು ತಂಪು ಪಾನೀಯದ ಕಂಪನಿ ನನ್ನನ್ನು ಸೇಲ್ಸ್ ಆಫೀಸರ್ ಮಾಡಿ ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾಕ್ಕೆ ಹಾಕಿತು. ಉಮರ್ಗಾ, ನಿಲಂಗಾ, ಉದಗೀರ ಮೂರೂ ತಾಲೂಕು ನನ್ನ ಸುಪರ್ದಿಗೆ ಬಂದವು. ನಾನು ಆಳಂದ ಕಡೆಯವನು, ಮರಾಠಿಯೂ ಬರುತ್ತಿತ್ತು. ಭೂಕಂಪದಲ್ಲಿ ಮನೆ ಬಿದ್ದ ಜನ ತಗಡಿನ ಪತ್ರಾ ಶೆಡ್ಡು ಬಿಟ್ಟು ಸಿಮೆಂಟಿನ ಮನೆಗಳಿಗೆ ಸೇರುತ್ತಿದ್ದ ಕಾಲ. ಹೆದ್ದಾರಿಯ ಹೋಟೆಲುಗಳಿಗೆ ನಾವು ಫ್ರಿಜ್ ಪುಕ್ಕಟೆ ಕೊಡುತ್ತಿದ್ದೆವು. ಅದರಲ್ಲಿ ನಮ್ಮ ಮಾಲು ಬಿಟ್ಟು ಬೇರೇನೂ ಇಡುವಂತಿರಲಿಲ್ಲ.

ಆದರೆ ಅಲ್ಲಿನವರಿಗೆ ತಂಪು ಎಂದರೆ ಗೋಲಿ ಸೋಡಾ. ಅದನ್ನು ಮಾಡುತ್ತಿದ್ದವರು ಉಮರ್ಗಾದ ವಿರೂಪಾಕ್ಷಯ್ಯ ಸ್ವಾಮಿಗಳು. ಜಂಗಮ ಮನೆತನ, ಬೆಳಿಗ್ಗೆ ನಾಲ್ಕಾರು ಮನೆಗಳ ಪೂಜೆ, ಆಮೇಲೆ ಸೋಡಾ ಮಷಿನ್. ನಿಜಾಮನ ಕಾಲದಲ್ಲಿ ಅವರ ತಂದೆ ಹೈದರಾಬಾದಿನಿಂದ ತಂದ ಮಷಿನ್ ಅದು. ಬಾಟಲಿಗೆ ಸಕ್ಕರೆ, ನಿಂಬೆರಸ, ನೀರು ತುಂಬಿ, ಗ್ಯಾಸ್ ಬಿಟ್ಟು ತಿರುಗಿಸಿದರೆ ಒಳಗಿನ ಗಾಜಿನ ಗೋಲಿ ಒತ್ತಡಕ್ಕೆ ಏರಿ ಬಾಯಿ ಮುಚ್ಚುತ್ತದೆ. ಲಗ್ನದಲ್ಲಿ ಹೋಳಿಗೆ ಹೆಚ್ಚಾದವರಿಗೂ ಜ್ವರದಿಂದ ಎದ್ದವರಿಗೂ ಅದೇ ಬೇಕು.

ಈ ಧಂದೆಯ ಜೀವ ಇರುವುದು ಸೋಡಾದಲ್ಲಲ್ಲ, ಬಾಟಲಿಯಲ್ಲಿ. ಅಂಥ ಬಾಟಲಿ ಮಾಡುವ ಕಾರ್ಖಾನೆಗಳು ಆಗಲೇ ಬಹುತೇಕ ಮುಚ್ಚಿದ್ದವು. ಸ್ವಾಮಿಗಳು ಗುಂಜೋಟಿ, ದಾಳಿಂಬ ಎಂಬ ಹತ್ತಿರದ ಊರುಗಳ ಅಂಗಡಿಗಳಲ್ಲಿ ತುಂಬಿದ್ದನ್ನು ಇಳಿಸಿ ಖಾಲಿ ಬಾಟಲಿ ಒಯ್ಯುತ್ತಿದ್ದರು. ಡಿಪಾಸಿಟ್ ಇಲ್ಲ, ಚೀಟಿ ಇಲ್ಲ. ಸ್ವಾಮಿಗಳ ಬಾಟಲಿ ಎಂದರೆ ಸಾಕು, ಯಾರೂ ಮುಟ್ಟುತ್ತಿರಲಿಲ್ಲ.

ನಾನು ಕನ್ನಡದವನೆಂದು ತಿಳಿದದ್ದೇ ತಡ, ಸ್ವಾಮಿಗಳು ತಮ್ಮ ಮೋಪೆಡ್ ಮೇಲೆ ಕೂರಿಸಿಕೊಂಡು ಅಂಗಡಿ ಅಂಗಡಿ ತಿರುಗಿಸಿದರು. "ಇಂವಾ ನಮ್ಮ ಕಡಿ ಹುಡುಗ. ಇವನ ಮಾಲೂ ಒಂದೀಟು ಇಟ್ಕೋರಿ," ಎಂದು ಅವರೇ ಹೇಳಿದರು. ಮರಾಠಿ ಅಂಗಡಿಕಾರರು ಅವರ ಮುಖ ನೋಡಿ ನನ್ನ ಕ್ರೇಟ್ ಇಳಿಸಿಕೊಂಡರು. ಅವರ ಮನೆಯ ರೊಟ್ಟಿಯನ್ನೂ ಉಂಡೆ.

ಮಾರ್ಚಿನಲ್ಲಿ ಸ್ಕೀಮ್ ಬಂತು: ಒಂದು ಕ್ರೇಟ್ ಖಾಲಿ ಬಾಟಲಿ ಕೊಟ್ಟರೆ ನಮ್ಮದೊಂದು ತುಂಬಿದ ಕ್ರೇಟ್ ಪುಕ್ಕಟೆ. ಎಲ್ಲಾ ಮೇಲಿನವರದೇ ಆದೇಶ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳು. ಬಂದ ಸ್ಕೀಮಿನಲ್ಲಿ ಎದುರಾಳಿ ಕಂಪನಿಯ ಬಾಟಲಿ ಮಾತ್ರ ಇತ್ತು. ಗೋಲಿ ಬಾಟಲಿಯನ್ನೂ ಸೇರಿಸಿ ಎಂದು ಬರೆದು ಕಳಿಸಿದವನು ನಾನು. ಹೆಡ್ ಆಫೀಸು ನನ್ನ ಬೆನ್ನು ತಟ್ಟಿತು. ಹದಿನೈದು ದಿನದಲ್ಲಿ ನಮ್ಮ ಗೋದಾಮಿನಲ್ಲಿ ಹಸಿರು ಗೋಲಿ ಬಾಟಲಿಗಳ ರಾಶಿ ಬಿತ್ತು.

ಗುಂಜೋಟಿಯ ಒಂದು ಲಗ್ನಕ್ಕೆ ಸೋಡಾ ಕೊಡುವುದಾಗಿ ಸ್ವಾಮಿಗಳು ಮಾತು ಕೊಟ್ಟಿದ್ದರು. ಬಾಟಲಿ ಕೂಡಿಸಲು ಹೋದರೆ ಯಾವ ಅಂಗಡಿಯಲ್ಲೂ ಇಲ್ಲ. ಮಧ್ಯಾಹ್ನ ನೇರ ಗೋದಾಮಿಗೆ ಬಂದರು. ರಾಶಿಯಿಂದ ಒಂದು ಬಾಟಲಿ ಎತ್ತಿ ನೋಡಿದರು.

"ತಮ್ಮಾ, ಇವು ನಮ್ಮವು ಅದಾವ."

"ಅಂಗಡಿಯವ್ರು ಕೊಟ್ಟಾರ್ರಿ. ಈಗ ಕಂಪನಿ ಮಾಲು," ಎಂದೆ.

"ಆಯ್ತು, ಕಂಪನಿದಾ ಇರಲಿ. ಈ ಲಗ್ನಕ್ಕಷ್ಟಾ ಕೊಡು. ಮುಗದ ಮ್ಯಾಲ ನಾನಾ ತಂದು ಇಲ್ಲಿ ಒಟ್ತೀನಿ. ಹುಡುಗಿ ಅಪ್ಪಗ ಮಾತು ಕೊಟ್ಟೀನಿ."

ಕೀಲಿ ನನ್ನ ಜೇಬಿನಲ್ಲೇ ಇತ್ತು. ಮ್ಯಾನೇಜರನ್ನು ಕೇಳುವ ಅಗತ್ಯವೂ ಇರಲಿಲ್ಲ. ಆದರೆ ಬಾಟಲಿ ಬಿಟ್ಟುಕೊಟ್ಟರೆ ಲಗ್ನದ ಆರ್ಡರ್ ಅವರಿಗೇ ಉಳಿಯುತ್ತದೆ ಎಂಬುದು ತಲೆಯಲ್ಲಿ ಕೂತಿತ್ತು.

"ರೂಲ್ ಇಲ್ರಿ," ಎಂದೆ.

"ಬರ್ತೀನ್ರಿ, ಸಾಹೇಬ್ರ," ಎಂದು ಅವರು ಹೊರಟರು. ಅಲ್ಲಿಯವರೆಗೆ ಎಂದೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಮರುದಿನ ಹಮಾಲರನ್ನು ಕರೆಸಿ ಎಲ್ಲವನ್ನೂ ಒಡೆಸಿದೆ. ಲಗ್ನಕ್ಕೆ ನಮ್ಮ ಮಾಲು ಹೋಯಿತು. ಜನ ಕುಡಿದರು, ಚೆನ್ನಾಗಿದೆ ಎಂದರು. ಆ ವರ್ಷವೇ ನನಗೆ ಪ್ರಮೋಷನ್ ಬಂತು.

ಎರಡು ವರ್ಷದ ಮೇಲೆ ತಪಾಸಣೆಗೆಂದು ಉಮರ್ಗಾಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನ ಎದುರು ಪುಟ್ಟ ಡಬ್ಬಿ ಅಂಗಡಿಯಲ್ಲಿ ಸ್ವಾಮಿಗಳು ಕೂತಿದ್ದರು. ಮಷಿನ್ ಗುಜರಿಗೆ ಹೋಗಿತ್ತು. ಪಕ್ಕದಲ್ಲಿ ನಮ್ಮ ಕಂಪನಿಯ ಫ್ರಿಜ್. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಒಂದು ಬಾಟಲಿಯ ಮುಚ್ಚಳ ಕಿತ್ತು ಮುಂದಿಟ್ಟರು.

"ಬಿಸಲಾಗ ಬಂದೀರಿ. ಕುಡೀರಿ, ನಿಮ್ಮದಾ ಅದ."

ಕುಡಿದೆ. ಕ್ಷಮೆ ಕೇಳಲಿಲ್ಲ. 'ನಿಮ್ಮದಾ' ಎಂದದ್ದು ಗೌರವದಿಂದಲೋ, ಹಂಗಿಸಲೋ ಇವತ್ತಿಗೂ ತಿಳಿಯದು. ಮಾರುಕಟ್ಟೆ ಹಿಡಿಯುವುದನ್ನು ಕಂಪನಿ ಕಲಿಸಿತು, ನಾನು ಚೆನ್ನಾಗಿಯೇ ಕಲಿತೆ. ಆದರೆ ನೌಕರಿಯಲ್ಲಿ ಮಾಡಿದ್ದೆಲ್ಲದರ ಹೊಣೆ ಕಂಪನಿಯ ಪಾಲಿಗೆ ಹೋಗುತ್ತದೆ ಎಂದು ನಂಬಿದ್ದೆನಲ್ಲ, ಅದು ತಪ್ಪು. ಆ ಬಾಟಲಿಗಳನ್ನು ಒಡೆದವನು ನಾನೇ.