ಪುಷ್ಪಾಳ ಕಾಲಿಗೆ ನಾನು ಕಟ್ಟಿದ ಪಟ್ಟಿ

ಒಂದು ಶನಿವಾರ ಮಧ್ಯಾಹ್ನ ನನ್ನ ತಂಗಿ ಪುಷ್ಪಾ ಅಂಗಡಿಯಿಂದ ಫೋನ್ ಮಾಡಿದಳು. "ಅಕ್ಕಾ, ಎರಡೂ ಕಾಲು ಜೋಮು ಹಿಡಿದಿದೆ ಕಣೇ. ಬೆಳಿಗ್ಗೆಯಿಂದ ಬಿಡ್ತಾನೇ ಇಲ್ಲ."

ಅವಳು ರಾಜಾಜಿನಗರದ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಗೆ ಇದ್ದಳು. ದಿನವಿಡೀ ಗಾದಿ ಮೇಲೆ ಕೂತು ಸೀರೆ ಬಿಡಿಸಿ ತೋರಿಸುವ ಕೆಲಸ. ನನ್ನ ಮುಂದೆ ಆವತ್ತೇ ಹೊಲಿದು ಕೊಡಬೇಕಾದ ನಾಲ್ಕು ಬ್ಲೌಸ್ ಇದ್ದವು. "ಎದ್ದು ನಾಲ್ಕು ಹೆಜ್ಜೆ ಓಡಾಡು, ಸರಿಹೋಗತ್ತೆ" ಅಂತ ಗದರಿ ಫೋನ್ ಇಟ್ಟೆ.

ಭಾನುವಾರ ಬೆಳಿಗ್ಗೆ ಮೂತ್ರ ಕಟ್ಟಿತು. ಸಂಜೆ ಹೊತ್ತಿಗೆ ಕಾಲು ಅಲ್ಲಾಡಿಸಲು ಆಗಲಿಲ್ಲ.

ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದರು. ಟ್ರಾನ್ಸ್‌ವರ್ಸ್ ಮೈಲೈಟಿಸ್, ಅಂದರೆ ಬೆನ್ನುಹುರಿಯಲ್ಲಿ ಊತ ಅಂದರು. ಯಾಕೆ ಬಂತು ಅಂತ ಕೇಳಿದರೆ ಹೇಳೋದು ಕಷ್ಟ ಅಂದರು. ಐದು ದಿನ ಡ್ರಿಪ್‌ನಲ್ಲಿ ಸ್ಟೀರಾಯ್ಡ್ ಕೊಟ್ಟರು. ಕೆಲವರಿಗೆ ಕಾಲು ಪೂರ್ತಿ ವಾಪಸ್ ಬರುತ್ತಂತೆ, ಕೆಲವರಿಗೆ ಅರ್ಧ, ಕೆಲವರಿಗೆ ಇಲ್ಲ.

ಪುಷ್ಪಾಗೆ ಬರಲಿಲ್ಲ.

ಕುರುಬರಹಳ್ಳಿಯ ನಮ್ಮ ಮನೆಗೇ ಕರೆದುಕೊಂಡು ಬಂದೆ. ಹೊಲಿಗೆ ಮಿಷನ್ ಅಡುಗೆಮನೆ ಬಾಗಿಲಿಗೆ ಬಂತು, ಅವಳ ಮಂಚ ಹಾಲ್‌ಗೆ ಬಂತು. ನಾಲ್ಕು ಗಂಟೆಗೊಮ್ಮೆ ಮೂತ್ರ ತೆಗೆಯಲು ಕ್ಯಾಥೆಟರ್ ನಳಿಕೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಸ್ಪರ್ಶವೇ ಇಲ್ಲದ ಚರ್ಮ, ಒತ್ತಿದರೂ ಗೊತ್ತಾಗಲ್ಲ, ದಿನಾ ಬೆನ್ನು, ಸೊಂಟ, ಹಿಮ್ಮಡಿ ನೋಡಿ ಅಂತ ರಿಹ್ಯಾಬ್ ಡಾಕ್ಟರ್ ಹೇಳಿದ್ದರು. ಎಂಆರ್‌ಐ ದಿನ ನರ್ಸ್ ಬಿಚ್ಚಿಸಿ ಕೊಟ್ಟಿದ್ದ ಬೆಳ್ಳಿ ಕಾಲ್ಚೈನನ್ನು ಮನೆಗೆ ಬಂದ ದಿನವೇ ಮತ್ತೆ ಹಾಕಿದೆ. ಮದುವೆಯಾಗದ ಹುಡುಗಿ, ಬೋಳು ಕಾಲು ನೋಡಲಾಗಲಿಲ್ಲ.

"ಯಾರಿಗೆ ಕೇಳಿಸಲಿ ಅಂತ ಗೆಜ್ಜೆ ಹಾಕ್ತಿದೀಯ?" ಅಂದಳು. ನಾನು ಕೊಂಡಿ ಸಿಕ್ಕಿಸಿದೆ.

ಒಂದು ವರ್ಷ ಹೀಗೇ ಕಳೆಯಿತು. ಕಾಲು ಹೋದ ಮೇಲೆ ಅವಳ ತೋಳು ಬಲಿತಿದ್ದು ನಮ್ಮ ಗಮನಕ್ಕೇ ಬಂದಿರಲಿಲ್ಲ. ಬರೀ ಕೈ ಊರಿ ಮಂಚದಿಂದ ಗಾಲಿಕುರ್ಚಿಗೆ ದಾಟುವುದನ್ನು ಕಂಡು ಫಿಸಿಯೋಥೆರಪಿಸ್ಟ್ ಬಸವೇಶ್ವರನಗರದ ಒಬ್ಬ ಕೋಚ್ ಹತ್ತಿರ ಕಳಿಸಿದರು. ಪ್ಯಾರಾ ಪವರ್‌ಲಿಫ್ಟಿಂಗ್ ಅಂತೆ, ಅಂಗವಿಕಲರು ಭಾರ ಎತ್ತುವ ಆಟ. ನನಗೆ ಮೈಯೆಲ್ಲ ಉರಿಯಿತು.

"ಎದ್ದು ನಿಲ್ಲಕ್ಕೆ ಆಗಲ್ಲ ಸಾರ್, ಇವಳ ಕೈಲಿ ಕಬ್ಬಿಣ ಎತ್ತಿಸ್ತೀರಾ?"

"ನಿಲ್ಲೋದೇ ಬೇಡ ಮೇಡಂ, ಮಲಗಿಕೊಂಡೇ ಎತ್ತೋದು" ಅಂದರು ಕೋಚ್. ಬೆಂಚಿನ ಮೇಲೆ ಮಲಗಬೇಕು, ಕಾಲು ಜಾರದ ಹಾಗೆ ಪಟ್ಟಿ ಕಟ್ಟಬೇಕು. ಕಬ್ಬಿಣದ ಬಾರ್ ಎದೆಗೆ ಇಳಿಸಿ, ಒಂದು ಕ್ಷಣ ಅಲ್ಲಾಡದೆ ನಿಲ್ಲಿಸಿ, ಎರಡೂ ಕೈ ಸಮವಾಗಿ ಮೇಲೆತ್ತಬೇಕು. ಬರೀ ಬಾರೇ ಇಪ್ಪತ್ತು ಕೆಜಿ. ಪುಷ್ಪಾ ಮೊದಲ ದಿನವೇ ಎತ್ತಿಬಿಟ್ಟಳು. ವಾಪಸ್ ಆಟೋದಲ್ಲಿ ಬರುವಾಗ ಹಾಡು ಗುನುಗಿದಳು. ಕಾಯಿಲೆ ಬಂದ ಮೇಲೆ ಅವಳ ಗಂಟಲಲ್ಲಿ ಹಾಡು ಕೇಳಿದ್ದು ಅದೇ ಮೊದಲು. ಅಲ್ಲಿಗೆ ನನ್ನ ತಕರಾರು ಮುಗಿಯಿತು.

ಪಟ್ಟಿ ಕಟ್ಟುವ ಕೆಲಸ ನನ್ನದಾಯಿತು. ಹೊಲಿಯುವ ಕೈ ನೋಡಿ, ಸಡಿಲ ಅಂದರೆ ನನಗಾಗಲ್ಲ. ಜಗ್ಗಿ ಜಗ್ಗಿ ಬಿಗಿದೆ. ಆರು ತಿಂಗಳಲ್ಲಿ ನಲವತ್ತೆಂಟು ಕೆಜಿ ಎತ್ತಿದಳು. ರಾಜ್ಯಮಟ್ಟದ ಸ್ಪರ್ಧೆಗೆ ಹೆಸರು ಕೊಟ್ಟಾಯಿತು. ಐವತ್ತು ಎತ್ತೇ ಎತ್ತುತ್ತೀನಿ ಅಂತ ಹಟ.

ಸ್ಪರ್ಧೆಗೆ ಇನ್ನೊಂದು ತಿಂಗಳಿದೆ ಅನ್ನುವಾಗ ಒಂದು ಸಂಜೆ ಸಾಕ್ಸ್ ತೆಗೆಯಲು ಹೋದೆ. ಎಡಗಾಲಿನದು ಅಂಟಿಕೊಂಡಿತ್ತು.

ಚೈನು ಮಾಂಸದೊಳಗೆ ಇಳಿದಿತ್ತು.

ಪಟ್ಟಿ ಪ್ರತಿ ಸಲವೂ ಚೈನಿನ ಮೇಲೇ ಕೂತಿದೆ. ನಾನು ದಿನಾ ಬೆನ್ನು ನೋಡಿದೆ, ಸೊಂಟ ನೋಡಿದೆ, ಹಿಮ್ಮಡಿ ನೋಡಿದೆ. ಚೈನು ಸರಿಸಿ ನೋಡಬೇಕು ಅಂತ ಹೊಳೆಯಲೇ ಇಲ್ಲ. ಚೈನು ಹಾಕಿದ್ದೂ ನಾನೇ, ಪಟ್ಟಿ ಬಿಗಿದಿದ್ದೂ ನಾನೇ. ಅಯ್ಯೋ ಅಂತ ಅಲ್ಲೇ ಕೂತು ಅತ್ತುಬಿಟ್ಟೆ.

ಪುಷ್ಪಾ ಅಳಲಿಲ್ಲ. ನನ್ನ ಕೈ ಹಿಡಿದುಕೊಂಡಳು. "ಯಾರಿಗೂ ಹೇಳಬೇಡ ಕಣೇ. ಡಾಕ್ಟರಿಗೆ ಗೊತ್ತಾದ್ರೆ ಪ್ರಾಕ್ಟೀಸ್ ನಿಲ್ಲಿಸಿಬಿಡ್ತಾರೆ. ನಂಗೆ ನೋವೇ ಇಲ್ವಲ್ಲ!"

"ನೋವಿಲ್ಲದ್ದೇ ಅಲ್ವೇನೇ ಕಷ್ಟ" ಅಂದೆ. ಮಾರನೇ ದಿನ ಡಾಕ್ಟರಿಗೂ ಹೇಳಿದೆ, ಕೋಚ್‌ಗೂ ಹೇಳಿದೆ.

ಡಾಕ್ಟರ್ ಕಟ್ಟರ್ ತಂದು ಚೈನು ತುಂಡರಿಸಿದರು. ಇನ್ನೂ ಸ್ವಲ್ಪ ಆಳ ಹೋಗಿದ್ದರೆ ಮೂಳೆಗೆ ತಗುಲುತ್ತಿತ್ತಂತೆ. "ಮೂರು ವಾರ ಪಟ್ಟಿ ಮುಟ್ಟೋ ಹಾಗಿಲ್ಲ. ಗಾಯ ಮುಚ್ಚಿದರೆ ಸ್ಪರ್ಧೆ. ಇಲ್ಲದಿದ್ದರೆ ಮುಂದಿನ ವರ್ಷ."

ಮನೆಗೆ ಬಂದು ಪುಷ್ಪಾ ಒಂದೇ ಮಾತು ಅಂದಳು. "ನಿನಗೆ ನಾನು ಹಾಸಿಗೇಲಿ ಬಿದ್ದಿದ್ರೇ ಅನುಕೂಲ."

ಆಮೇಲೆ ಒಂಬತ್ತು ದಿನ ನನ್ನ ಜೊತೆ ಮಾತಿಲ್ಲ. ನನಗೂ ಕೋಪ ನೆತ್ತಿಗೇರಿತ್ತು. ಇಷ್ಟೆಲ್ಲ ಮಾಡಿದ್ದಕ್ಕೆ ಇದಾ ಅನ್ನಿಸಿತು. ಆದರೆ ಡ್ರೆಸ್ಸಿಂಗ್ ಮಾಡುತ್ತಾ ಯೋಚಿಸಿದರೆ, ಆ ಮಾತು ಪೂರ್ತಿ ಸುಳ್ಳು ಅಂತ ಎದೆ ಮುಟ್ಟಿ ಹೇಳಲಾರೆ. ಅವಳು ಮಂಚದ ಮೇಲಿದ್ದಾಗ ಎಲ್ಲ ನನ್ನ ಕೈಯಲ್ಲೇ ಇತ್ತು, ಊಟ, ಸ್ನಾನ, ಅವಳ ದಿನ ಹೇಗೆ ಹೋಗಬೇಕು ಅನ್ನುವುದು ಕೂಡ. ಜಿಮ್‌ನಲ್ಲಿ ಅವಳು ನನ್ನ ಮಾತು ಕೇಳುತ್ತಿರಲಿಲ್ಲ. ಅದು ನನಗೆ ಎಲ್ಲೋ ಚುಚ್ಚುತ್ತಿತ್ತು ಅಂತ ಕಾಣುತ್ತೆ. ಕಾಯಿಲೆ ನೋಡಿಕೊಳ್ಳುವವರಿಗೂ ಒಂದು ಥರ ಚಟ ಹತ್ತಿಸುತ್ತೆ.

ಹತ್ತನೇ ದಿನ ಅವಳೇ ಕೇಳಿದಳು. "ಹೆಂಗಿದೆ ಗಾಯ?"

"ಅಂಚು ಗುಲಾಬಿ ಆಗಿದೆ" ಅಂದೆ. ಫೋನಿನಲ್ಲಿ ಫೋಟೋ ತೆಗೆದು ತೋರಿಸಿದೆ.

ಸ್ಪರ್ಧೆಗೆ ಮೂರು ದಿನ ಇರುವಾಗ ಡಾಕ್ಟರ್ ಹೂಂ ಅಂದರು.

ಕೆಂಗೇರಿ ಕಡೆಯ ಒಂದು ಇಂಡೋರ್ ಹಾಲ್. ಅಷ್ಟು ಗಾಲಿಕುರ್ಚಿಗಳನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ. ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡ ಒಬ್ಬ, ಒಂದು ಕಾಲಿಲ್ಲದ ಇನ್ನೊಬ್ಬನನ್ನು "ಏನ್ ಮಚ್ಚಾ, ಬರೀ ಕೈಗೆ ಪೌಡರ್ ಹಚ್ಕೊಂಡೇ ಕೂತಿದೀಯಾ, ಎತ್ತೋದು ಯಾವಾಗ?" ಅಂತ ರೇಗಿಸುತ್ತಿದ್ದ. ಅಯ್ಯೋ ಪಾಪ ಅನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಪುಷ್ಪಾ ಬೆಂಚಿನ ಮೇಲೆ ಮಲಗಿದಳು. ಪಟ್ಟಿ ಕಟ್ಟಲು ಕೋಚ್ ಬಗ್ಗಿದರು.

"ಬೇಡ ಸಾರ್. ಅಕ್ಕ ಕಟ್ಟಲಿ."

ನಾನು ಕೋಚ್ ಕೈಯಿಂದ ಪಟ್ಟಿ ತೆಗೆದುಕೊಂಡೆ. ಗಾಯದ ಜಾಗ ಬಿಟ್ಟು, ಮೇಲಕ್ಕೆ ಕಟ್ಟಿದೆ. "ಬಿಗಿ ಮಾಡೇ, ಜಾರ್ತೀನಿ" ಅಂತ ಮಲಗಿದಲ್ಲೇ ಬೈದಳು. ಬಿಗಿ ಮಾಡಿದೆ.

ಒಬ್ಬೊಬ್ಬರಿಗೆ ಮೂರು ಅವಕಾಶ. ಮೊದಲ ಸಲ ನಲವತ್ತೆರಡು ಕೆಜಿ. ಬಾರ್ ಇಳಿಯಿತು, ನಿಂತಿತು, ಎದ್ದಿತು. ತೀರ್ಪುಗಾರರ ಮೂರೂ ದೀಪ ಬಿಳಿ, ಅಂದರೆ ಪಾಸು! ನಾನು ಕೂಗಿದ ಕೂಗಿಗೆ ಪಕ್ಕದವರು ಕಿವಿ ಮುಚ್ಚಿಕೊಂಡರು. ಕೋಚ್ ನಲವತ್ತೈದು ಅಂದರು, ಇವಳು ಐವತ್ತೇ ಅಂದಳು. ಬಾರ್ ಅರ್ಧಕ್ಕೆ ನಿಂತುಬಿಟ್ಟಿತು. ಕೊನೇ ಸಲವೂ ಐವತ್ತೇ. ಎಡಗೈ ಹಿಂದೆ ಬಿತ್ತು, ಮೂರೂ ಕೆಂಪು. ನಾಲ್ವರಲ್ಲಿ ನಾಲ್ಕನೆಯವಳು.

"ಆ ಮೂರು ವಾರ ಹೋಗದೇ ಇದ್ದಿದ್ರೆ ಎತ್ತಿರ್ತಿದ್ದೆ" ಅಂದಳು.

"ಹೂಂ. ನನ್ನಿಂದಲೇ."

ಅವಳು ನನ್ನ ಕಡೆ ತಲೆ ತಿರುಗಿಸಿದಳು. "ನೀನು ಹೇಳದೇ ಇದ್ದಿದ್ರೆ ಇವತ್ತು ಯಾವ ವಾರ್ಡಲ್ಲಿ ಇರ್ತಿದ್ನೋ. ಅಳಬೇಡ, ಪಟ್ಟಿ ಬಿಚ್ಚು."

ಗಾಯದ ಜಾಗ ಈಗ ಕಪ್ಪಗಿದೆ. ಅಲ್ಲಿ ಚರ್ಮ ಯಾವಾಗಲೂ ತೆಳುವೇ ಅಂತೆ, ಹುಷಾರಾಗಿರಬೇಕು. ಕ್ಯಾಥೆಟರ್ ತಪ್ಪಿಲ್ಲ, ನಮ್ಮಿಬ್ಬರ ಜಗಳವೂ ತಪ್ಪಿಲ್ಲ. ಸೋಮವಾರ ಸೋಮವಾರ ದೇವಸ್ಥಾನಕ್ಕೆ ಹೋಗುತ್ತೇನೆ. ಎರಡು ವರ್ಷ, ಅವಳ ಕಾಲು ಬರಲಪ್ಪಾ ಅಂತ ಕೇಳಿಕೊಂಡೆ. ಹೋದ ವಾರ ಕಣ್ಣು ಮುಚ್ಚಿ ನಿಂತಾಗ ಬಾಯಿಗೆ ಬಂದದ್ದು ಬೇರೆ: ಮುಂದಿನ ವರ್ಷ ಐವತ್ತು ಕೆಜಿ ಏಳಲಪ್ಪಾ.